ಪಾಂಪ್ಲೆಟ್‌ನಲ್ಲಿ ಉಳಿದುಹೋದ ಒಂದು ಸಾಲು

ಹೋದ ವರ್ಷ ಒಂದು ಭಾನುವಾರ ನಮ್ಮ ಕಣ್ಣಿನ ಕ್ಯಾಂಪಿಂದ ಒಬ್ಬರು ಅಜ್ಜಿ ಕಾಣೆಯಾದ್ರು. ಎರಡೂ ಕಣ್ಣಿಗೆ ಪಾಪೆ ದೊಡ್ಡದು ಮಾಡೋ ಡ್ರಾಪ್ಸ್ ಹಾಕಿಸ್ಕೊಂಡಿದ್ದ ಅಜ್ಜಿ. ಇಪ್ಪತ್ತು ನಿಮಿಷ ಹುಡುಕಿದ್ವಿ. ಅವತ್ತಿನ ತಪ್ಪು ನನ್ನದು, ಬೇರೆಯವರದ್ದೂ ಸ್ವಲ್ಪ ಇತ್ತು ಆದ್ರೆ ತಡೆಯೋ ಜಾಗದಲ್ಲಿ ನಿಂತಿದ್ದವಳು ನಾನು, ಅದಕ್ಕೇ ಬರೀತಿದೀನಿ.

ರಾಜಾಜಿನಗರದ ಕಡೆ ಒಂದು ಸೇವಾ ಕ್ಲಬ್ಬಲ್ಲಿ ಆಫೀಸ್ ನೋಡ್ಕೊಳ್ಳೋಳು ನಾನು, ಹನ್ನೊಂದು ವರ್ಷ ಆಯ್ತು. ಮೆಂಬರ್‌ಗಳೆಲ್ಲ ಹಾನರರಿ, ಸಂಬಳಕ್ಕೆ ಇರೋದು ನಾನು ಮತ್ತೆ ಆಫೀಸ್ ಹುಡುಗ ಇಬ್ಬರೇ. ನಮ್ಮದು ರೋಟರಿನೂ ಅಲ್ಲ ಲಯನ್ಸೂ ಅಲ್ಲ, ಏರಿಯಾದ ಅಂಗಡಿಯವರು, ಫ್ಯಾಕ್ಟರಿ ಕೆಲಸದವರು, ಮೇಷ್ಟ್ರುಗಳು ಸೇರಿ ಕಟ್ಟಿದ್ದು, ಆದ್ರೆ ದಾರಿ ಹಾಕಿಕೊಟ್ಟವರು ಅವರೇ ತಾನೇ. 1905ರಲ್ಲಿ ಶಿಕಾಗೋದಲ್ಲಿ ಪಾಲ್ ಹ್ಯಾರಿಸ್ ಅನ್ನೋ ಲಾಯರು ಇನ್ನು ಮೂರು ಜನರ ಜೊತೆ ಶುರು ಮಾಡಿದ್ದು, ಸರದಿ ಮೇಲೆ ಒಬ್ಬೊಬ್ಬರ ಆಫೀಸಲ್ಲಿ ಮೀಟಿಂಗ್ ಸೇರ್ತಿದ್ರು, ರೋಟರಿ ಅನ್ನೋ ಹೆಸರು ಬಂದಿದ್ದೇ ಅದರಿಂದ. ಅದೇ ಊರಲ್ಲಿ 1917ಕ್ಕೆ ಮೆಲ್ವಿನ್ ಜೋನ್ಸ್ ಲಯನ್ಸ್ ಶುರು ಮಾಡಿದ್ರು, 1925ರಲ್ಲಿ ಅವರ ಸಮ್ಮೇಳನಕ್ಕೆ ಹೆಲೆನ್ ಕೆಲರ್ ಬಂದು ಕಣ್ಣಿಲ್ಲದವರ ಪರವಾಗಿ ನಿಲ್ಲಿ ಅಂತ ಕೇಳ್ಕೊಂಡ್ರು, ಆಮೇಲೆ ಕಣ್ಣಿನ ಕೆಲಸ ಅಂದ್ರೆ ಲಯನ್ಸ್ ಅನ್ನೋ ಹಾಗಾಯ್ತು. ನಮ್ಮ ಹಿರಿಯರೂ ಮೊದಲ ವರ್ಷಗಳಲ್ಲಿ ಹಾಗೇ ಒಂದೊಂದು ತಿಂಗಳು ಒಬ್ಬೊಬ್ಬರ ಮನೇಲಿ ಸೇರ್ತಿದ್ರಂತೆ.

ಇದೆಲ್ಲ ನನಗೆ ಬಾಯಿಪಾಠ ಆಗಿರೋದು ಐವತ್ತನೇ ವರ್ಷದ ಸ್ಮರಣ ಸಂಚಿಕೆ ನಾನೇ ಕೂತು ಮಾಡಿದ್ದರಿಂದ. ಮೂರು ತಿಂಗಳು ಹಳೇ ಮಿನಿಟ್ಸ್ ಬುಕ್ಕುಗಳನ್ನ ಒಂದೊಂದೇ ಹಾಳೆ ತಿರುಗಿಸಿ ಟೈಪ್ ಮಾಡಿದೆ. ಬೇಸಿಗೇಲಿ ಅರವಟ್ಟಿಗೆ, ಸರ್ಕಾರಿ ಶಾಲೆಗೆ ಬೆಂಚು, ಹಳೇ ಪುಸ್ತಕದ ಬುಕ್ ಬ್ಯಾಂಕು, ಆಮೇಲೆ ಕಣ್ಣಿನ ಶಿಬಿರ. ಆಗಿನ ಶಿಬಿರ ಅಂದ್ರೆ ಈಗಿನ ಥರ ಅಲ್ಲ. ಡಾಕ್ಟರ್ ಎಂ.ಸಿ. ಮೋದಿಯವರು ಊರೂರು ಸುತ್ತಿ ಆಪರೇಷನ್ ಮಾಡ್ತಿದ್ದ ಕಾಲ, 1968ರಲ್ಲಿ ತಿರುಪತಿಲಿ ಒಂದೇ ದಿನಕ್ಕೆ 833 ಜನರಿಗೆ ಪೊರೆ ತೆಗೆದವರು ಅವರು. ಶಾಲೆ ರೂಮನ್ನೇ ತೊಳೆದು ಥಿಯೇಟರ್ ಮಾಡೋರು, ಆಪರೇಷನ್ ಆದವರನ್ನ ತಲೆ ಅಲ್ಲಾಡಬಾರದು ಅಂತ ಎರಡೂ ಕಡೆ ಮರಳು ಚೀಲ ಇಟ್ಟು ದಿನಗಟ್ಟಲೆ ಮಲಗಿಸೋರು, ಲೆನ್ಸ್ ಕೂರಿಸೋದು ಇರಲಿಲ್ಲ, ಕೊನೆಗೆ ಸೋಡಾ ಬಾಟಲಿ ತಳದಂಥ ದಪ್ಪ ಕನ್ನಡಕ ಕೊಟ್ಟು ಕಳಿಸೋರು. ಅಷ್ಟೂ ದಿನ ರೋಗಿಗಳಿಗೆ ಊಟ ಮೆಂಬರ್‌ಗಳ ಮನೆಯಿಂದ. ರೋಗಿಗಳ ಊಟ ಮುಗಿಯೋವರೆಗೂ ಕಮಿಟಿಯವರು ಯಾರೂ ಊಟ ಮಾಡಬಾರದು ಅಂತ ಒಂದು ಠರಾವೇ ಇದೆ ಆ ಬುಕ್ಕಲ್ಲಿ. ಅದನ್ನ ಓದಿ ಕಣ್ಣಲ್ಲಿ ನೀರು ಬಂದು, ಸಂಚಿಕೆಯ ಹದಿನಾಲ್ಕನೇ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಹಾಕಿದ್ದು ನಾನೇ.

ಆ ಸಂಚಿಕೆ ಬಿಡುಗಡೆನೂ ಕಣ್ಣಿನ ಕ್ಯಾಂಪೂ ಒಂದೇ ದಿನ ಇಡೋಣ ಅಂತ ಕಮಿಟಿ ಹೇಳ್ತು, ನಾನೂ ಹ್ಞೂಂ ಅಂದೆ.

ಜಾಗ ಲಗ್ಗೆರೆ ಕಡೆ ಒಂದು ಶಾಲೆ. ಎಂಟೂವರೆಗೆ ಅಂತ ಹೇಳಿದ್ರೆ ಏಳೂವರೆಗೇ ಕ್ಯೂ. ರಿಜಿಸ್ಟ್ರೇಷನ್, ವಿಷನ್, ಬಿಪಿ-ಶುಗರ್, ಡ್ರಾಪ್ಸ್, ಡಾಕ್ಟರ್, ಸೆಲೆಕ್ಟ್ ಆದವರಿಗೆ ಯಾವ ಕಣ್ಣು ಆಪರೇಷನ್ನೋ ಅದರ ಮೇಲೆ ಹಣೆಗೆ ಪ್ಲಾಸ್ಟರ್ ಚೂರು, ಹನ್ನೆರಡಕ್ಕೆ ಬಸ್ಸು ಬೇಸ್ ಆಸ್ಪತ್ರೆಗೆ, ಅಂದ್ರೆ ಆಪರೇಷನ್ ಮಾಡೋ ಆಸ್ಪತ್ರೆಗೆ. ತಿಂಡಿ ಚೌಚೌ ಬಾತು, ಒಂಬತ್ತಕ್ಕೇ ಬಂತು. ಆದ್ರೆ ಬಡಿಸೋ ಹಾಗಿಲ್ಲ, ಮುಖ್ಯ ಅತಿಥಿ ಮೊದಲ ಪ್ಲೇಟ್ ಕೊಡೋ ಫೋಟೋ ಬೇಕು ಅಂತ ಅಧ್ಯಕ್ಷರ ಆರ್ಡರು, ಹಾಟ್‌ಬಾಕ್ಸೆಲ್ಲ ಸ್ಟಾಫ್ ರೂಮಲ್ಲಿಟ್ಟು ಬೀಗ ಹಾಕಿ ಕೀ ನನ್ನ ಬ್ಯಾಗಲ್ಲಿ.

ಹತ್ತು ಗಂಟೆಗೆ ಆಸ್ಪತ್ರೆ ಕಡೆಯಿಂದ ಬಂದಿದ್ದ, ದೃಷ್ಟಿ ಪರೀಕ್ಷೆ ಮಾಡೋ ಆಪ್ಟೋಮೆಟ್ರಿಸ್ಟ್ ಹುಡುಗಿ ಬಂದು, "ಮೇಡಂ, ಶುಗರ್ ಇರೋರು ತುಂಬ ಜನ ಏನೂ ತಿಂದಿಲ್ಲ, ಅವರಿಗಾದ್ರೂ ಕೊಟ್ಟುಬಿಡೋಣ್ವಾ" ಅಂದ್ಲು. ನಾನು ಸ್ಟೇಜ್ ಹತ್ರ ಸಂಚಿಕೆಗಳಿಗೆ ರಿಬ್ಬನ್ ಕಟ್ಟಿಸ್ತಾ ಇದ್ದೆ, ತಲೆ ಕೂಡ ಎತ್ತಲಿಲ್ಲ, "ಇನ್ನು ಹತ್ತೇ ನಿಮಿಷಮ್ಮ, ಗೆಸ್ಟ್ ಯಶವಂತಪುರದಲ್ಲಿದಾರಂತೆ" ಅಂದೆ. ಅವರು ಬಂದಿದ್ದು ಹನ್ನೊಂದೂಕಾಲಿಗೆ. ಆ ಹುಡುಗಿ ಮತ್ತೆ ಕೇಳಲಿಲ್ಲ, ಯಾಕೆ ಕೇಳ್ತಾಳೆ, ನಾನು ಮುಖ ನೋಡಿ ಮಾತಾಡಿದ್ರೆ ತಾನೇ. ಕೀ ಬ್ಯಾಗಲ್ಲೇ ಇತ್ತು. ತೆಗೆದು ಕೊಡಕ್ಕೆ ಅರ್ಧ ನಿಮಿಷ ಸಾಕಾಗಿತ್ತು.

ಅಷ್ಟಕ್ಕೂ ಅಷ್ಟು ಜನ ಯಾಕೆ ಖಾಲಿ ಹೊಟ್ಟೇಲಿ ಬಂದಿದ್ರು ಅಂದ್ರೆ ಅದೂ ನನ್ನ ಕೆಲಸವೇ. ಹಿಂದಿನ ಜನರಲ್ ಹೆಲ್ತ್ ಕ್ಯಾಂಪಿಗೆ ಫಾಸ್ಟಿಂಗ್ ಶುಗರ್ ಬೇಕಿತ್ತು, ಅದರ ಪಾಂಪ್ಲೆಟ್ಟನ್ನೇ ಕಾಪಿ ಮಾಡಿ ತಾರೀಖು ಬದಲಾಯಿಸಿದ್ದೆ, "ಖಾಲಿ ಹೊಟ್ಟೆಯಲ್ಲಿ ಬನ್ನಿ" ಅನ್ನೋ ಸಾಲು ಹಾಗೇ ಉಳ್ಕೊಂಡಿತ್ತು. ನಮ್ಮ ಕಣ್ಣಿನ ಕ್ಯಾಂಪಲ್ಲಿ ನೋಡೋದು ರ‍್ಯಾಂಡಮ್ ಶುಗರ್, ಅಂದ್ರೆ ತಿಂದು ಬಂದ್ರೂ ನೋಡಬಹುದಾದ ಶುಗರ್, ಯಾರೂ ಉಪವಾಸ ಬರಬೇಕಾಗಿರಲಿಲ್ಲ.

ಹನ್ನೊಂದು ನಲವತ್ತಕ್ಕೆ ಬಸ್ಸಿನ ಲಿಸ್ಟ್ ಕೂಗಿದ್ರೆ ಮೂವತ್ತೊಂದರಲ್ಲಿ ಒಂದು ಕಮ್ಮಿ. ಟಾಯ್ಲೆಟ್ ನೋಡಿದ್ವಿ, ಹಿಂದಿನ ರೂಮುಗಳು ನೋಡಿದ್ವಿ. ಸ್ಟೇಜ್ ಮೇಲೆ ಇನ್ನೂ ಸನ್ಮಾನ ನಡೀತಿತ್ತು, ಮೈಕಿನ ಸದ್ದಿಗೆ ನಾನು ಕೂಗೋ ಹೆಸರು ನನಗೇ ಕೇಳಿಸ್ತಿಲ್ಲ. ಪಕ್ಕದಲ್ಲಿ ಕೂತಿದ್ದ ಹೆಂಗಸು ಹೇಳಿದ್ಲು, "ಆಗ್ಲೇ ಎದ್ದು ಗೇಟ್ ಕಡೆ ಹೋದ್ರು ಅಕ್ಕಾ." ಎದೆ ಧಸಕ್ ಅಂತು. ಡ್ರಾಪ್ಸ್ ಹಾಕಿದ್ರೆ ನಾಲ್ಕೈದು ಗಂಟೆ ಪಾಪೆ ದೊಡ್ಡದಾಗೇ ಇರುತ್ತೆ, ಬಿಸಿಲಿಗೆ ಕಣ್ಣು ಬಿಡಕ್ಕಾಗಲ್ಲ, ಅವರಿಗೋ ಮೊದಲೇ ಪೊರೆ, ಬಸ್ಸಿನ ನಂಬರ್ ಇರಲಿ ಬಸ್ಸು ಬರ್ತಿರೋದೇ ಕಾಣ್ಸುತ್ತೋ ಇಲ್ವೋ. ಮುಂದೆ ರಿಂಗ್ ರೋಡು.

ಆಫೀಸ್ ಹುಡುಗನ್ನ ಒಂದು ಕಡೆ ಸ್ಕೂಟರಲ್ಲಿ ಕಳಿಸಿ ನಾನು ಲಗ್ಗೆರೆ ಬ್ರಿಡ್ಜ್ ಕಡೆ ಓಡಿದೆ. ಸಿಕ್ಕಸಿಕ್ಕವರನ್ನ ಕೇಳ್ದೆ, ಹಣೆ ಮೇಲೆ ಪ್ಲಾಸ್ಟರ್ ಇರೋ ಅಜ್ಜಿ ನೋಡಿದ್ರಾ, ಹಸಿರು ಸೀರೆ ನೋಡಿದ್ರಾ. ಹೂವು ಮಾರೋಳು ಕೈ ತೋರಿಸಿದ್ಲು. ಶಟರ್ ಹಾಕಿದ್ದ ಒಂದು ಅಂಗಡಿ ಕಟ್ಟೆ ಮೇಲೆ ಗೋಡೆಗೆ ಒರಗಿ ಕೂತಿದ್ರು, ಮೈಯೆಲ್ಲ ಬೆವರು, ಕೈ ಗಡಗಡ ನಡುಗ್ತಿದೆ, ಮಾತು ತೊದಲು. ಪಕ್ಕದಲ್ಲಿದ್ದವರು ಬಿಸಿಲಿಗೆ ತಲೆ ಸುತ್ತಿರ್ಬೇಕು ಅಂತಿದ್ರು. ಫೋನ್ ಮಾಡಿದ ತಕ್ಷಣ ಆಪ್ಟೋಮೆಟ್ರಿಸ್ಟ್ ಹುಡುಗಿ ಗ್ಲುಕೋಮೀಟರ್ ಹಿಡ್ಕೊಂಡು ಸ್ಕೂಟರಲ್ಲಿ ಬಂದ್ಲು. ಬೆಳಿಗ್ಗೆ 118 ಇದ್ದ ಶುಗರು 52ಕ್ಕೆ ಇಳಿದಿತ್ತು, ತೀರಾ ಕಮ್ಮಿ. ಮನೇಲಿ ಶುಗರ್ ಮಾತ್ರೆ ನುಂಗಿ ಬಂದಿದ್ರು, ಹೊಟ್ಟೆಗೆ ಮಾತ್ರ ಏನೂ ಬಿದ್ದಿಲ್ಲ. ಟೀ ಅಂಗಡಿಯಿಂದ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ, ನುಂಗ್ತಾರಾ ಅಂತ ನೋಡ್ಕೊಂಡು ಗುಟುಕು ಗುಟುಕಾಗಿ ಕುಡಿಸಿದ್ವಿ. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡ್ಬೇಕು. ಆ ಹದಿನೈದು ನಿಮಿಷ ಅವರ ಕೈ ನನ್ನ ಕೈಲಿತ್ತು, ತಣ್ಣಗೆ. 84 ಬಂತು. ಆಗ ಉಸಿರು ಬಂತು ನನಗೆ.

ಸುಧಾರಿಸ್ಕೊಂಡ ಮೇಲೆ ಸೆರಗಿನ ಗಂಟು ಬಿಚ್ಚಿ ಬೀಗದ ಕೈ ತೋರಿಸಿದ್ರು. "ಮಗ್ಳು ಮಾಲ್‌ನಲ್ಲಿ ಕಸ ಗುಡ್ಸಕ್ಕೆ ಹೋಗವ್ಳೆ ಕಣವ್ವ, ಬತ್ತಾಳೆ, ಕೈ ನನ್ ತಾವ ಅದೆ. ಕೊಟ್ಬುಟ್ಟು ಬರವ ಅಂತ ಹೊಂಟೆ, ಕಣ್ಣೇ ಕಾಣ್ನಿಲ್ಲ." ಆಪರೇಷನ್ನಿಗೆ ಹೆದರಿ ಓಡಿಹೋಗಿರ್ತಾರೆ ಅಂತಲೇ ನಾನು ದಾರಿಯುದ್ದಕ್ಕೂ ಅಂದ್ಕೊಂಡಿದ್ದೆ. ಮನೇಲಿ ಯಾರಿದಾರೆ, ಬಸ್ಸು ಹತ್ತಿದ್ರೆ ಮನೆಗೆ ಯಾರು ಹೇಳ್ತಾರೆ ಅಂತ ನಮ್ಮ ಫಾರ್ಮಲ್ಲಿ ಒಂದು ಕಾಲಮ್ಮೂ ಇರಲಿಲ್ಲ, ಹೆಸರು, ವಯಸ್ಸು, ಆಧಾರ್ ನಂಬರ್, ಅಷ್ಟೇ.

ಅವತ್ತು ಅವರನ್ನ ಬಸ್ಸಿಗೆ ಕಳಿಸಲಿಲ್ಲ. ಆಟೋದಲ್ಲಿ ಮನೆಗೆ ಬಿಟ್ಟು ಮಗಳು ಬರೋವರೆಗೂ ಕೂತಿದ್ದೆ. ಮುಂದಿನ ವಾರ ಮಗಳ ಜೊತೆ ಬಂದು ಬಲಗಣ್ಣಿಗೆ ಲೆನ್ಸ್ ಹಾಕಿಸ್ಕೊಂಡ್ರು, ಚೆನ್ನಾಗಿದಾರೆ.

ಕಮಿಟಿ ಮೀಟಿಂಗಲ್ಲಿ ಇದನ್ನ ಹೇಳಿದಾಗ ಒಬ್ಬರು, "ಏನೂ ಆಗ್ಲಿಲ್ವಲ್ಲ, ಮಿನಿಟ್ಸಲ್ಲಿ ಬೇಡ" ಅಂದ್ರು. ಬೇಕು ಸರ್ ಅಂದೆ. ಬರೆದೆ ಕೂಡ, 52 ಅನ್ನೋ ನಂಬರ್ ಸಮೇತ. ತಿಂಡಿ ಬಂದ ತಕ್ಷಣ ಬಡಿಸೋದು, ಸ್ಟೇಜ್ ಕಾರ್ಯಕ್ರಮ ಇದ್ರೆ ಬಸ್ಸು ಹೊರಟ ಮೇಲೆ, ಡ್ರಾಪ್ಸ್ ಹಾಕಿದವರ ಜೊತೆ ಒಬ್ಬ ವಾಲಂಟಿಯರ್, ಫಾರ್ಮಲ್ಲಿ ಮನೆಯವರ ಫೋನ್ ನಂಬರ್. ಸ್ಟೇಜ್ ವಿಷಯ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಪಾಸಾಯ್ತು, ಸ್ಟೇಜಿಗೆ ಮಾತ್ರ "ನೋಡೋಣ" ಅಂದಿದಾರೆ.

ಬರೋ ಭಾನುವಾರ ಮತ್ತೆ ಕ್ಯಾಂಪ್ ಇದೆ. ಪಾಂಪ್ಲೆಟ್ ಪ್ರೂಫ್ ಟೇಬಲ್ ಮೇಲಿದೆ, ಎಲ್ಲಕ್ಕಿಂತ ಮೇಲೆ "ತಿಂಡಿ ತಿಂದು, ಮಾತ್ರೆ ತಗೊಂಡು, ಮನೆಯವರಿಗೆ ಹೇಳಿ ಬನ್ನಿ" ಅಂತ ಹಾಕ್ಸಿದೀನಿ. ಅತಿಥಿಗಳ ಫೋಟೋಗೆ ಜಾಗ ಸಾಲ್ತಿಲ್ಲ, ಆ ಸಾಲು ಕೆಳಗೆ ಸಣ್ಣದಾಗಿ ಹಾಕಿ ಅಂತ ಬೆಳಿಗ್ಗೆ ಫೋನ್ ಬಂತು. ಆಗಲ್ಲ ಸರ್ ಅಂತ ಹೇಳಿ ಪ್ರೆಸ್ಸಿಗೆ ಕಳಿಸಿಬಿಟ್ಟೆ.