ಕನ್ನಂಬಾಡಿ ಹಿನ್ನೀರಲ್ಲಿ ಅಲೆ ಎಣಿಸಿದ್ದು

ಅಕ್ಕನ ಮಗಳು ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಸಾಗರ ಎಂಜಿನಿಯರಿಂಗ್ ಸಂಶೋಧನೆಗೆ ಸೇರಿದ್ದಾಳೆ. ಬಂದರಿನ ಬಾಯಲ್ಲಿ ಅಲೆ ತಡೆಯಲು ಕಲ್ಲು ಪೇರಿಸಿ ಕಟ್ಟುವ ಬ್ರೇಕ್‌ವಾಟರ್ ಅವಳ ವಿಷಯ. ಆಷಾಢದಲ್ಲಿ ಮೈಸೂರಿಗೆ ಬಂದವಳಿಗೆ ಅರಮನೆಯೂ ಬೇಡ, ಬೆಟ್ಟವೂ ಬೇಡ. "ಗಾಳಿ ಚೆನ್ನಾಗಿದೆ, ಕೆಆರ್‌ಎಸ್ ತುಂಬ್ತಾ ಇದೆ, ಅಲೆ ನೋಡ್ಕೊಂಡು ಬರೋಣ" ಎಂದಳು. ದಿನ ಬೆಳಗಾದರೆ ಅರಬ್ಬಿ ಸಮುದ್ರ ನೋಡುವವಳಿಗೆ ನಮ್ಮ ಹಿನ್ನೀರಿನಲ್ಲಿ ಎಂಥ ಅಲೆ ಎಂದು ನಕ್ಕು ಗಾಡಿ ತೆಗೆದೆ.

ಮೇಟಗಳ್ಳಿ ದಾಟಿ ಬೆಳಗೊಳದ ಕಡೆ ಹೊರಳಿದರೆ ರಸ್ತೆಯ ಎರಡೂ ಬದಿ ಗದ್ದೆ, ನಾಲೆ. ಕೃಷ್ಣರಾಜಸಾಗರದಲ್ಲಿ ಕರ್ನಾಟಕ ಎಂಜಿನಿಯರಿಂಗ್ ಸಂಶೋಧನಾ ಕೇಂದ್ರವಿದೆ; ಅಣೆಕಟ್ಟು, ಕೋಡಿ, ನಾಲೆಗಳ ಮಾದರಿ ಕಟ್ಟಿ ನೀರು ಹರಿಸಿ ಪರೀಕ್ಷಿಸುವ ಜಾಗ. ಮೊದಲೇ ಅನುಮತಿ ಪಡೆದಿರಲಿಲ್ಲ, ಹೊರಗಿನಿಂದಲೇ ನೋಡಿ ಮುಂದೆ ಹೋದೆವು. "ಸಮುದ್ರದ ಪ್ರಯೋಗ ಸಮುದ್ರದ ಹತ್ತಿರವೇ ಆಗಬೇಕು ಅಂತ ಎಲ್ಲರೂ ಅಂದ್ಕೊಂಡಿರ್ತಾರೆ" ಎಂದು ಅವಳು ಶುರು ಮಾಡಿದಳು. ದೇಶದ ಎಷ್ಟೋ ಬಂದರುಗಳ ಮಾದರಿ ಪರೀಕ್ಷೆ ನಡೆದಿರುವುದು ಪುಣೆ ಬಳಿಯ ಖಡಕ್‌ವಾಸ್ಲಾದಲ್ಲಿ, 1916ರಲ್ಲಿ ಶುರುವಾದ ಕೇಂದ್ರದಲ್ಲಿ. ಅದಿರುವುದು ಘಟ್ಟದ ಮೇಲೆ, ಅಣೆಕಟ್ಟಿನ ಪಕ್ಕ. ಬ್ರೇಕ್‌ವಾಟರಿಗೆ ಕಲ್ಲಿನ ಬದಲು ಹಾಕುವ, ನಾಲ್ಕು ಕಾಲು ಚಾಚಿದ ಕಾಂಕ್ರೀಟಿನ ಟೆಟ್ರಾಪಾಡ್ ಹುಟ್ಟಿದ್ದು 1950ರಲ್ಲಿ, ಫ್ರಾನ್ಸಿನ ಗ್ರೆನೋಬಲ್‌ನಲ್ಲಿ. ಅದು ಆಲ್ಪ್ಸ್ ತಪ್ಪಲಿನ ಊರು. ಬ್ರೇಕ್‌ವಾಟರ್ ಕಲ್ಲಿನ ತೂಕಕ್ಕೆ ಇಂದಿಗೂ ಬಳಸುವ ಹಡ್ಸನ್ ಸೂತ್ರ ಬಂದದ್ದು ಅಮೆರಿಕದ ವಿಕ್ಸ್‌ಬರ್ಗ್‌ನಿಂದ, ಸಮುದ್ರಕ್ಕೆ ನೂರಾರು ಕಿಲೋಮೀಟರ್ ದೂರದ ನದಿ ದಂಡೆಯಿಂದ. ಕಾರಣ ಸರಳ: ಸಮುದ್ರ ಒಮ್ಮೆ ಕೊಟ್ಟ ಅಲೆಯನ್ನು ಮತ್ತೆ ಕೊಡುವುದಿಲ್ಲ. ಪ್ರಯೋಗಕ್ಕೆ ಬೇಕಾದ್ದು ಹೇಳಿದ ಹಾಗೆ ಕೇಳುವ ಅಲೆ.

ಅಣೆಕಟ್ಟೆಯ ಮೇಲೆ ಜನರನ್ನು ಬಿಡುವುದಿಲ್ಲ, ಬೃಂದಾವನದಿಂದ ನೋಡಿದರೆ ಬೆನ್ನು ಮಾತ್ರ ಕಾಣುತ್ತದೆ. ಅದಕ್ಕೇ ಹೊಳೆ ದಾಟಿ ಹೊಸ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಸ್ಥಾನಕ್ಕೆ ಹೋದೆವು. ಹಳೇ ಕನ್ನಂಬಾಡಿಯ ಜೊತೆ ಮುಳುಗಿದ್ದ ಹೊಯ್ಸಳರ ಕಾಲದ ಗುಡಿಯನ್ನು ಕಲ್ಲು ಕಲ್ಲಾಗಿ ಬಿಚ್ಚಿ ದಂಡೆಯ ಮೇಲೆ ಕಟ್ಟಿದ್ದಾರೆ. ಅಂಥ ಕೆಲಸಕ್ಕೆ ಎಷ್ಟು ತಾಳ್ಮೆ ಬೇಕೋ. ಆದರೆ ಇವಳು ದೇವರಿಗೆ ಕೈಮುಗಿದವಳೇ ನೀರಿನ ಅಂಚಿಗೆ ಇಳಿದು ಫೋನಿನ ಸ್ಟಾಪ್‌ವಾಚ್ ಒತ್ತಿದಳು.

ನೈಋತ್ಯದ ಗಾಳಿ ಹಿನ್ನೀರಿನುದ್ದಕ್ಕೂ ಬೀಸಿ ನೇರ ನಮ್ಮ ಮುಖಕ್ಕೆ ಬಡಿಯುತ್ತಿತ್ತು. ಜಲಾಶಯ ತುಂಬಿದರೆ ನೀರು 129 ಚದರ ಕಿಲೋಮೀಟರ್ ಹರಡುತ್ತದೆ. ಅಲೆ ಎಷ್ಟು ದೊಡ್ಡದಾಗುತ್ತದೆ ಎನ್ನುವುದು ಮೂರರ ಮೇಲೆ ನಿಂತಿದೆ: ಗಾಳಿಯ ವೇಗ, ಬೀಸಿದ ಹೊತ್ತು, ಮತ್ತು ತಡೆಯಿಲ್ಲದೆ ನೀರಿನ ಮೇಲೆ ಓಡಲು ಅದಕ್ಕೆ ಸಿಗುವ ದೂರ. ಮೊದಲೆರಡು ಇಲ್ಲೂ ಇವೆ, ಕಡಿಮೆ ಬೀಳುವುದು ಮೂರನೆಯದು. ಸೆಕೆಂಡಿಗೆ ಹತ್ತು ಮೀಟರ್ ವೇಗದ ಗಾಳಿಗೆ ಹತ್ತು ಕಿಲೋಮೀಟರ್ ಓಟ ಸಿಕ್ಕರೆ ಅರ್ಧ ಮೀಟರ್ ಅಲೆ ಏಳುತ್ತದೆ, ಅಷ್ಟೆ. ಅವಳ ಎಣಿಕೆಯಲ್ಲಿ ಸರಾಸರಿ ಎರಡೂವರೆ ಸೆಕೆಂಡಿಗೊಂದು ಅಲೆ ಬಂತು. ಎತ್ತರ ಮೊಣಕಾಲಿನಷ್ಟು.

ದಂಡೆಯಲ್ಲಿ ಹರಿಗೋಲು ಬೋರಲು ಹಾಕಿ ಬಲೆ ಬಿಡಿಸುತ್ತಿದ್ದ ಹಿರಿಯರೊಬ್ಬರು ಇದನ್ನೆಲ್ಲ ನೋಡುತ್ತಿದ್ದರು. ನೀರಿಗೆ ಇಳಿಯಲಿಲ್ಲವೇ ಎಂದು ಕೇಳಿದೆ. "ಈ ಗಾಳೀಗೆ ಇಳಿಯಕ್ಕಾಯ್ತದಾ ಸಾ? ಅಲೆ ಏನ್ ದೊಡ್ಡವಲ್ಲ. ಆದ್ರೆ ಮೋಟು ಮೋಟಾಗಿ ಒಂದರ ಹಿಂದ್ ಒಂದು ಬತ್ತವೆ, ಹರಿಗೋಲು ಸುಧಾರಿಸ್ಕಳಕ್ಕೆ ಬಿಡಾಕಿಲ್ಲ."

ಇವಳಿಗೆ ಖುಷಿಯೋ ಖುಷಿ. ಒಂದು ಅಲೆ ಬಂದ ಮೇಲೆ ಮುಂದಿನದು ಬರಲು ಹಿಡಿಯುವ ಹೊತ್ತೇ ಅಲೆಯ ಅವಧಿ; ಆಳದ ನೀರಿನಲ್ಲಿ ಅಲೆಯ ಉದ್ದ ಅದರ ಅವಧಿಯ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಎರಡೂವರೆ ಸೆಕೆಂಡಿನ ಅಲೆ ಹತ್ತು ಮೀಟರ್ ಉದ್ದ. ಮಳೆಗಾಲದ ಕಡಲಿನ ಹತ್ತು ಸೆಕೆಂಡಿನ ಅಲೆ ಸುಮಾರು 156 ಮೀಟರ್. ಮೂರು ಮೀಟರ್ ಎತ್ತರದ ಆ ಕಡಲಲೆಗಿಂತ ಕೆಆರ್‌ಎಸ್‌ನ ಈ ಮೊಣಕಾಲೆತ್ತರದ ಅಲೆಯ ಕಡಿದುತನ, ಅಂದರೆ ಉದ್ದಕ್ಕೆ ಹೋಲಿಸಿದ ಎತ್ತರ, ಎರಡು ಪಟ್ಟಿಗೂ ಹೆಚ್ಚು! ಬಲೆಯವರು ಒಂದೇ ಮಾತಲ್ಲಿ ಹೇಳಿದ್ದು ಇದನ್ನೇ. ನಾನು ಬೆಳಿಗ್ಗೆ ನಕ್ಕಿದ್ದನ್ನು ಅವಳು ನೆನಪಿಸಲಿಲ್ಲ, ಅದು ಅವಳ ದೊಡ್ಡತನ.

ಅಲ್ಲೇ ಕಲ್ಲಿನ ಮೇಲೆ ಕೂತು ಅವಳ ಪ್ರಯೋಗಶಾಲೆಯ ಕಥೆ ಕೇಳಿದೆ. ಐವತ್ತು ಮೀಟರ್ ಉದ್ದ, ಒಂದು ಮೀಟರಿಗೂ ಕಡಿಮೆ ಅಗಲದ ತೊಟ್ಟಿ. ಒಂದು ತುದಿಯಲ್ಲಿ ಬುಡಕ್ಕೆ ಕೀಲು ಹಾಕಿದ ಹಲಗೆ ಹಿಂದೆ ಮುಂದೆ ಆಡುತ್ತ ಅಲೆ ಎಬ್ಬಿಸುತ್ತದೆ. ಇನ್ನೊಂದು ಕಡೆ ಕಟ್ಟಿದ ಪುಟ್ಟ ಬ್ರೇಕ್‌ವಾಟರ್ ಅದನ್ನು ಎದುರಿಸುತ್ತದೆ. ಅಳತೆ ಮೂವತ್ತಕ್ಕೆ ಒಂದು ಎಂದುಕೊಳ್ಳಿ. ಹನ್ನೆರಡು ಸೆಂಟಿಮೀಟರ್ ಅಲೆ ಎಂದರೆ ಮಂಗಳೂರಿನ ಕಡಲಲ್ಲಿ 3.6 ಮೀಟರ್. ಕಾಲ ಮಾತ್ರ ಮೂವತ್ತರ ವರ್ಗಮೂಲದಷ್ಟು ಕುಗ್ಗುತ್ತದೆ, ಹಾಗಾಗಿ ಇಲ್ಲಿಯ ಎರಡು ಸೆಕೆಂಡ್ ಅಲ್ಲಿಯ ಹನ್ನೊಂದು. ತೂಕಕ್ಕೆ ಮೂವತ್ತರ ಘನ: ನಾಲ್ಕು ಟನ್ನಿನ ಬಂಡೆಗೆ ತೊಟ್ಟಿಯಲ್ಲಿ 150 ಗ್ರಾಂ ಕಲ್ಲು. ಮೂರು ಸಾವಿರ ಅಲೆ ಹೊಡೆಸಿ ಎಷ್ಟು ಕಲ್ಲು ಜಾಗ ಬಿಟ್ಟವು ಎಂದು ನೋಡುತ್ತಾರೆ. ತೊಟ್ಟಿಯಲ್ಲಿ ಅದು ನೂರು ನಿಮಿಷದ ಕೆಲಸ, ಕಡಲಲ್ಲಾದರೆ ಒಂಬತ್ತು ಗಂಟೆಯ ಬಿರುಗಾಳಿ.

"ಇಷ್ಟೆಲ್ಲ ಮಾಡೋದು ಯಾಕೆ, ದೊಡ್ಡ ದೊಡ್ಡ ಕಲ್ಲು ಹಾಕಿಬಿಟ್ರೆ ಆಯ್ತಲ್ಲ?" ಎಂದೆ. ಹಡ್ಸನ್ ಸೂತ್ರದಲ್ಲಿ ಕಲ್ಲಿನ ತೂಕ ಅಲೆಯ ಎತ್ತರದ ಘನಕ್ಕೆ ತಕ್ಕಂತೆ ಏರುತ್ತದಂತೆ. ಅಲೆ ಎರಡು ಪಟ್ಟಾದರೆ ಕಲ್ಲು ಎಂಟು ಪಟ್ಟು. ಅಂಥ ಕಲ್ಲು ಯಾವ ಕ್ವಾರಿಯಲ್ಲೂ ಸಿಗದಾದಾಗ ಟೆಟ್ರಾಪಾಡ್‌ನಂಥ ಕಾಂಕ್ರೀಟ್ ಗಟ್ಟಿಗಳು ಬೇಕಾಗುತ್ತವೆ.

ಮಧ್ಯಾಹ್ನ ಕೆಆರ್‌ಎಸ್ ಬಳಿ ಮೀನು ಫ್ರೈ ತಿಂದೆವು. ಖಾರ ಜಾಸ್ತಿ, ಮೀನು ತಾಜಾ. ಮಾತು ಅಣೆಕಟ್ಟೆಗೆ ತಿರುಗಿತು. ಕಟ್ಟೆಯ ಎತ್ತರ 130 ಅಡಿ, ನೀರಿನ ಗರಿಷ್ಠ ಮಟ್ಟ 124.80 ಅಡಿ ಎಂದು ಮಂಡ್ಯದ ಮಕ್ಕಳೂ ಹೇಳುತ್ತಾರೆ. ನಡುವಿನ ಐದು ಅಡಿಯ ಮೇಲೆ ನನಗೆ ಎಂದೂ ಕಣ್ಣು ಬಿದ್ದಿರಲಿಲ್ಲ. ಅಲೆಗೆ ಬಿಟ್ಟ ಜಾಗವೂ ಅದರಲ್ಲೇ ಸೇರಿದೆ. ನೆಟ್ಟಗಿನ ಗೋಡೆಗೆ ಬಡಿದ ಅಲೆ ವಾಪಸಾಗಿ ಬರುವ ಅಲೆಯ ಜೊತೆ ಸೇರಿ ಗೋಡೆಯ ಬುಡದಲ್ಲಿ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಇಳಿಜಾರಾಗಿ ಪೇರಿಸಿದ ಕಲ್ಲಾದರೆ ಸಂದಿಗೊಂದಿಗಳಲ್ಲಿ ನೀರನ್ನು ನುಗ್ಗಿಸಿ ಅದರ ಸೊಕ್ಕು ಇಳಿಸುತ್ತದೆ. ವಿಶ್ವೇಶ್ವರಯ್ಯನವರ ಕಾಲದಲ್ಲಿ ಸಿಮೆಂಟಿನ ಬದಲು ಸುಣ್ಣಕ್ಕೆ ಇಟ್ಟಿಗೆಪುಡಿ ಬೆರೆಸಿದ ಸುರ್ಕಿ ಗಾರೆಯಲ್ಲಿ ಕಟ್ಟಿದ ಗೋಡೆ ಇದು ಎಂದಾಗ ಅವಳು ಫೋನಿನಲ್ಲಿ ಏನೋ ಗುರುತು ಹಾಕಿಕೊಂಡಳು.

ಬಲಮುರಿಯಲ್ಲಿ ನೀರು ಜಾಸ್ತಿ, ಇಳಿಯಲು ಬಿಡಲಿಲ್ಲ. ಇಲವಾಲದ ಮೇಲೆ ಸಾಗರಕಟ್ಟೆಗೆ ಹೋಗಿ ಹಿನ್ನೀರಿನ ರೈಲು ಸೇತುವೆ ಎದುರು ನಿಂತೆವು. ಉಳ್ಳಾಲದ ಸುದ್ದಿ ಬಂತು. ಪ್ರತಿ ಮಳೆಗಾಲ ಮನೆ ಉರುಳುತ್ತವೆ, ಲಾರಿಗಟ್ಟಲೆ ಕಲ್ಲು ಸುರಿಯುತ್ತಾರೆ. ಹಿಂದಿನ ಮನೆ ಉಳಿದರೂ ಗೋಡೆಗೆ ಬಡಿದ ಅಲೆ ಮುಂದಿನ ಮರಳನ್ನು ಕೆರೆದು ಒಯ್ಯುತ್ತದೆ, ಕೊರೆತ ಪಕ್ಕದ ದಡಕ್ಕೆ ಜರುಗುತ್ತದೆ. ಏಷ್ಯಾ ಅಭಿವೃದ್ಧಿ ಬ್ಯಾಂಕಿನ (ಎಡಿಬಿ) ನೆರವಿನ ಯೋಜನೆಯಲ್ಲಿ ಅಲ್ಲಿ ಅಲೆಯನ್ನು ದಡಕ್ಕೆ ಮೊದಲೇ ಮುರಿಯಲು ನೀರೊಳಗೆ ದಿಬ್ಬ ಹಾಕಿದ್ದು ಇದೇ ಯೋಚನೆಯಿಂದ. ಕಲ್ಲು ಸುರಿದು ಫೋಟೊ ತೆಗೆಸಿಕೊಳ್ಳುವ ಕೆಲಸಕ್ಕಿಂತ ಇದು ಎಷ್ಟೋ ವಾಸಿ ಎಂದು ನನಗನ್ನಿಸುತ್ತದೆ.

ತೊಟ್ಟಿಯಲ್ಲಿ ಗೆದ್ದದ್ದು ಕಡಲಲ್ಲೂ ಗೆಲ್ಲುತ್ತದೆಯೇ ಎಂದು ಕೇಳಿದೆ. ಅವಳು ಪೋರ್ಚುಗಲ್ಲಿನ ಸಿನೆಸ್ ಬಂದರಿನ ಕಥೆ ಹೇಳಿದಳು. 1978ರ ಫೆಬ್ರವರಿಯ ಬಿರುಗಾಳಿಯಲ್ಲಿ ಟೆಟ್ರಾಪಾಡ್‌ನಂಥದೇ ಕಾಂಕ್ರೀಟಿನ, 42 ಟನ್ನಿನ ಡೋಲೋಸ್ ಗಟ್ಟಿಗಳು ಸಾಲುಸಾಲಾಗಿ ಮುರಿದು ಬ್ರೇಕ್‌ವಾಟರ್ ಕುಸಿಯಿತು. ಮಾದರಿಯಲ್ಲಿ ತೂಕ ಕುಗ್ಗುತ್ತದೆ, ಆದರೆ ಪುಟ್ಟ ಗಟ್ಟಿಯನ್ನು ಮಾಮೂಲಿ ಸಾಮಗ್ರಿಯಲ್ಲೇ ಮಾಡಿದರೆ ಅದರ ಬಲ ಕುಗ್ಗುವುದಿಲ್ಲ. ಎಷ್ಟು ಹೊಡೆದರೂ ಅದು ಮುರಿಯದು.

ಮಳೆ ಹಿಡಿದು ಇಲವಾಲದ ಹೋಟೆಲಿಗೆ ನುಗ್ಗಿದೆವು. ಕಾಫಿ ಬರುವಷ್ಟರಲ್ಲಿ ಲೆಕ್ಕ ಶುರುವಾಗಿತ್ತು. ಮೂವತ್ತಕ್ಕೆ ಒಂದರ ಮಾದರಿ ನಿಜವಾದ ಹಾಗೆ ಮುರಿಯಬೇಕಾದರೆ ಅದರ ಬಲವೂ ಮೂವತ್ತರಲ್ಲೊಂದು ಪಾಲಿರಬೇಕು. 30 ಎಂಪಿಎ (ಮೆಗಾಪ್ಯಾಸ್ಕಲ್, ಬಲದ ಅಳತೆ) ಕಾಂಕ್ರೀಟಿಗೆ ಬರೀ 1 ಎಂಪಿಎ. ಸುಣ್ಣದ ಗಾರೆ ಆ ಆಸುಪಾಸಿಗೆ ಬರುತ್ತದೆ. ಸುರ್ಕಿ ಬೆರೆಸಿದರೆ ಗಟ್ಟಿಯಾದೀತು, ಬೇಡ, ಸುಣ್ಣ ಮರಳು ಸಾಕು ಎಂದು ಅವಳೇ ತೀರ್ಮಾನಿಸಿದಳು. ಸಂತೆಪೇಟೆಯಲ್ಲಿ ಒಳ್ಳೆ ಸುಣ್ಣ ಯಾರ ಹತ್ತಿರ ಸಿಗುತ್ತದೆ ಎಂದು ವಿಚಾರಿಸುವ ಕೆಲಸ ನನ್ನ ಪಾಲಿಗೆ ಬಂತು.