ಭೀಮನ ಮಗಳ ಮರಿಗಳು

ಜುಲೈ 14, 2025, ಸೋಮವಾರ

ಸಂಜೆ ಮೇವು ಹಾಕುವಾಗ ಕಣ್ಣಿಗೆ ಬಿತ್ತು. ಮೂರನೇ ಗೂಡಿನ ಒಂದು ಮೊಲದ ಮರಿ ಕುದುರೆಮಸಾಲೆ ಸೊಪ್ಪನ್ನು ಬಾಯಲ್ಲಿ ಹಿಡಿದು ಎಳೆದಾಡುತ್ತಿದೆ, ಕತ್ತರಿಸೋಕೆ ಆಗುತ್ತಿಲ್ಲ. ತುಟಿ ಬಿಡಿಸಿ ನೋಡಿದೆ. ಕೆಳಹಲ್ಲು ಮೇಲಿನ ಹಲ್ಲನ್ನು ದಾಟಿ ಮೂಗಿನ ಕಡೆ ಬೆಳೆದಿದೆ. ಗಲ್ಲದ ತುಂಬ ಜೊಲ್ಲು. ಅದೇ ಸೂಲಿನ ಇನ್ನೊಂದಕ್ಕೂ ಹಾಗೇ.

ಗೂಡಿನ ತಂತಿ ಕಚ್ಚಿ ಎಳೆದರೂ ಹಲ್ಲು ಸೊಟ್ಟಗಾಗುತ್ತೆ, ನಿಜ. ಆದರೆ ಎರಡಕ್ಕೂ? ಮೊಲದ ಹಲ್ಲು ಸಾಯೋತನಕ ಬೆಳೆಯುತ್ತಲೇ ಇರುತ್ತೆ. ಮೇಲಿನದು ಕೆಳಗಿನದು ಉಜ್ಜಿ ಸವೆಯದಿದ್ದರೆ ಮುಗೀತು.

ಭೀಮನ ಮಗಳನ್ನು ಭೀಮನಿಗೇ ಬಿಟ್ಟವನು ನಾನು. ನಾಲ್ಕೂವರೆ ಕೆಜಿಯ ನ್ಯೂಜಿಲೆಂಡ್ ವೈಟ್ ತಳಿಯ ಗಂಡು, ಆ ತೊಡೆ, ಆ ಬೆನ್ನು ಬೇರೆ ಯಾವ ಗಂಡಿಗೂ ಇಲ್ಲ. ಮಗಳಲ್ಲಿ ಅವನ ರಕ್ತ ಅರ್ಧ, ಅವಳ ಮರಿಗಳಲ್ಲಿ ಮುಕ್ಕಾಲು. ನೋಟ್‌ಬುಕ್ಕಿನಲ್ಲಿ ‘ಲೈನ್ ಬ್ರೀಡಿಂಗ್’ ಅಂತ ಜಂಬದಿಂದ ಬರೆದಿದ್ದೆ, ಅಂದರೆ ಒಳ್ಳೇ ಗಂಡಿನ ಗುಣ ಉಳಿಸಿಕೊಳ್ಳೋಕೆ ಅದರ ನೆಂಟರಲ್ಲೇ ಕೂಡಿಸೋದು. ಅದಕ್ಕೆ ಒಂದೆರಡು ತಲೆಮಾರು ದೂರದ ನೆಂಟಸ್ತಿಕೆ ಬೇಕು. ನನಗೆ ಕಾಯೋ ತಾಳ್ಮೆ ಇರಲಿಲ್ಲ ಅಷ್ಟೇ. ಭೀಮನೊಳಗೆ ಅಡಗಿದ್ದ ದೋಷ ಮಗಳಿಗೂ ದಾಟಿ, ಈಗ ಎರಡೂ ಕಡೆಯಿಂದ ಬಂದು ಸೇರಿದೆ.

ಅಮ್ಮ ಅಕ್ಕಿ ಆರಿಸುತ್ತಾ ಎಲ್ಲ ಕೇಳಿಸಿಕೊಂಡರು.

“ಅಪ್ಪ ಮಗಳು ಅಂದ್ರೆ ತಪ್ಪೇ ಬಿಡು. ಸೋದರಮಾವ ಆಗಿದ್ರೆ?”

“ಅದಕ್ಕೂ ಲೆಕ್ಕ ಇದೆ ಅಮ್ಮ. ಒಂದೇ ಹಿರಿಯರ ಜೀನ್ ಎರಡೂ ಕಡೆಯಿಂದ ಬಂದು ಜೋಡಿಯಾಗೋ ಸಾಧ್ಯತೆ ಅಪ್ಪ–ಮಗಳಿಗೆ ಹುಟ್ಟಿದ್ದಕ್ಕೆ ಶೇಕಡ 25. ಸೋದರಮಾವ–ಅಕ್ಕನ ಮಗಳಿಗೆ ಹುಟ್ಟಿದ್ದಕ್ಕೆ ಹನ್ನೆರಡೂವರೆ.”

“ಅಂದ್ರೆ ನಿಂಗೆ ಹನ್ನೆರಡೂವರೆ.”

ನಗು ಬಂತು. ನಮ್ಮಪ್ಪ ಅಮ್ಮನಿಗೆ ಸೋದರಮಾವ ಅಲ್ವಾ! ಲೆಕ್ಕ ಹೇಳುವಾಗ ಹೊಳೆದೇ ಇರಲಿಲ್ಲ.

“ನಿನ್ ಹಲ್ಲು ನೆಟ್ಟಗೇ ಇದೆ” ಅಂದರು. ಮೊರ ಒಂದು ಸಲ ಕೇರಿದರು. ಆಮೇಲೆ ಮೆಲ್ಲಗೆ, “ನಿನ್ ಮುಂಚೆ ಹುಟ್ಟಿದ್ದು ಮೂರು ದಿನಾನೂ ಇರ್ಲಿಲ್ಲ. ಆಗ ಯಾರೂ ಹಿಂಗೆ ಲೆಕ್ಕ ಹಾಕ್ಲಿಲ್ಲ.”

ಏನು ಹೇಳಬೇಕೋ ತಿಳಿಯಲಿಲ್ಲ. ಅದೇ ಕಾರಣ ಅಂತ ಯಾರು ಹೇಳೋಕಾಗುತ್ತೆ? ಹಾಗಂತ ಹೇಳೋಕೂ ಬಾಯಿ ಬರಲಿಲ್ಲ. ಸುಮ್ನೆ ಎದ್ದು ಗೂಡಿನ ಕಡೆ ಹೋದೆ.

ಆ ಎರಡಕ್ಕೂ ಸೊಪ್ಪು ಸಣ್ಣಗೆ ಹೆಚ್ಚಿ ಹಾಕಿದೆ. ತಿಂದವು. ಭೀಮ ತಂತಿಗೆ ಮೂಗು ಒತ್ತಿಕೊಂಡು ನೋಡುತ್ತಿದ್ದ. ಕಳೆದ ತಿಂಗಳು ಅವನ ಎರಡು ಗಂಡುಮರಿಗಳನ್ನು ಪಕ್ಕದೂರಿನವರಿಗೆ ತಳಿಗೆ ಅಂತಲೇ ಕೊಟ್ಟಿದ್ದೇನೆ. ಅವರಿಗೆ ಫೋನ್ ಮಾಡಿ ಏನಂತ ಹೇಳಲಿ?