ನೀರಿಗೆ ಬಿದ್ರೆ ಕಥೆ ಮುಗೀತಲ್ವಾ?

ಉಡುಪಿಯ ಕೆಮ್ಮಣ್ಣು ಕಡೆ, ಸ್ವರ್ಣಾ ಹೊಳೆಯ ಹಿನ್ನೀರಿನಲ್ಲಿ ನಾನು ರಿಮೋಟ್ ಸೀಪ್ಲೇನ್, ಅಂದರೆ ನೀರಿನಿಂದಲೇ ಏರಿ ನೀರಿಗೇ ಇಳಿಯುವ ಪುಟ್ಟ ವಿಮಾನ ಹಾರಿಸುತ್ತೇನೆ. ರೆಕ್ಕೆ ಒಂದು ಮೀಟರಿಗಿಂತ ತುಸು ಜಾಸ್ತಿ, ಮೈಯೆಲ್ಲ ಫೋಮು. ದಡದಲ್ಲಿ ನಿಂತವರೆಲ್ಲ ಕೇಳುವುದು ಒಂದೇ ಪ್ರಶ್ನೆ. ಮರುವಾಯಿ (ಚಿಪ್ಪು) ಹೆಕ್ಕಲು ಬರುವ ಅಜ್ಜ ಒಬ್ಬರಂತೂ ಕಂಡಾಗಲೆಲ್ಲ ಕೇಳುತ್ತಾರೆ: "ಅಲ್ಲ ಮಾರಾಯ, ಅದು ನೀರಿಗೆ ಬಿದ್ರೆ ಕಥೆ ಮುಗೀತಲ್ವಾ?"

ಇಲ್ಲ ಅಜ್ಜ. ಫೋಮು ತೇಲುತ್ತದೆ. ಕಷ್ಟ ಇರುವುದು ನೀರಿನಿಂದ ಏಳುವುದರಲ್ಲಿ.

ಒದ್ದೆ ಕಡಪ ಕಲ್ಲಿನ ಮೇಲೆ ಸ್ಟೀಲ್ ತಟ್ಟೆ ಇಟ್ಟು ನೇರ ಮೇಲಕ್ಕೆ ಎತ್ತಿ ನೋಡಿ. ಬೇಗ ಬರುವುದಿಲ್ಲ. ಒಂದು ಅಂಚು ಎತ್ತಿ ಗಾಳಿ ಒಳಗೆ ಬಿಟ್ಟರೆ ಪಟ್ ಅಂತ ಬರುತ್ತದೆ. ವಿಮಾನದ ಹೊಟ್ಟೆಯನ್ನೂ ನೀರು ಹೀಗೆಯೇ ಹಿಡಿದುಕೊಳ್ಳುತ್ತದೆ. ಅದಕ್ಕೇ ಸೀಪ್ಲೇನಿನ ಹೊಟ್ಟೆ ಬಾಲದ ತನಕ ಒಂದೇ ನುಣುಪಾಗಿ ಇರುವುದಿಲ್ಲ. ನಡುವೆ, ತೂಕ ಸಮವಾಗಿ ನಿಲ್ಲುವ ಜಾಗದ ಸ್ವಲ್ಪ ಹಿಂದೆ, ಮೆಟ್ಟಿಲಿನ ಹಾಗೆ ಕಡಿದಿರುತ್ತದೆ. ನಾವು ಸ್ಟೆಪ್ ಅಂತೇವೆ. ವೇಗ ಬಂದ ಹಾಗೆ ನೀರು ಆ ಅಂಚಿನಲ್ಲಿ ಹೊಟ್ಟೆಯನ್ನು ಬಿಟ್ಟು ಸರಿಯುತ್ತದೆ. ಹಿಂದೆ ಗಾಳಿ ನುಗ್ಗುತ್ತದೆ. ವಿಮಾನ ಸ್ಟೆಪ್ಪಿನ ಮೇಲೆ ನಿಂತು ಜಾರತೊಡಗುತ್ತದೆ.

ಕೈಗೆ ಇಲ್ಲೇ ಕೆಲಸ. ಹೊರಡುವಾಗ ಮೂತಿ ಎತ್ತುವ ರಿಮೋಟಿನ ಕಡ್ಡಿ ಪೂರ್ತಿ ಹಿಂದಕ್ಕೆ ಎಳೆದಿರಬೇಕು, ಇಲ್ಲದಿದ್ದರೆ ಮೂತಿ ನೀರಿಗೆ ಇಳಿದು ಮೋಟರಿನ ಫ್ಯಾನಿಗೆಲ್ಲ ತುಂತುರು ಬಡಿಯುತ್ತದೆ. ಸ್ಟೆಪ್ಪಿಗೆ ಏರಿದ ಕೂಡಲೇ ಕೈ ಸಡಿಲಿಸಬೇಕು. ಮೊದಲ ತಿಂಗಳು ನಾನು ಸಡಿಲಿಸಲೇ ಇಲ್ಲ. ವೇಗ ಸಾಲುವ ಮೊದಲೇ ವಿಮಾನ ನೀರು ಬಿಟ್ಟು ನೆಗೆಯುತ್ತಿತ್ತು, ಒಂದು ರೆಕ್ಕೆ ವಾಲುತ್ತಿತ್ತು, ದಬಕ್! ಮೋಟರು ರೆಕ್ಕೆಗಿಂತ ಮೇಲಿರುವುದರಿಂದ ಥ್ರಾಟಲ್ ಕೊಟ್ಟರೆ, ಅಂದರೆ ಮೋಟರಿನ ವೇಗ ಏರಿಸಿದರೆ, ಮೂತಿ ಕೆಳಗೆ ಬಾಗುವುದು ಬೇರೆ.

ಇನ್ನೊಂದು ವಿಚಿತ್ರ. ಕನ್ನಡಿಯ ಹಾಗಿರುವ ನೀರು ಫೋಟೋಗೆ ಚಂದ, ವಿಮಾನಕ್ಕೆ ಅಲ್ಲ. ಸಣ್ಣ ಅಲೆ ಇದ್ದರೆ ಹೊಟ್ಟೆಯ ಅಡಿಗೆ ಗಾಳಿ ಸಿಗುತ್ತದೆ. ಬೆಳಗ್ಗೆ ಹೊಳೆ ಅಲುಗುವುದೇ ಇಲ್ಲ. ಕಡಲ ಗಾಳಿ ಜೋರಾದ ಮೇಲೆ ಏಳುವ ಅಲೆ ನನ್ನ ವಿಮಾನಕ್ಕೆ ಜಾಸ್ತಿಯಾಯಿತು. ನಡುವೆ ಸಿಕ್ಕಿದಷ್ಟು ಹೊತ್ತು ನನ್ನದು. ನೀರು ತೀರಾ ಸುಮ್ನೆ ಮಲಗಿದ್ದರೆ ವಿಮಾನವನ್ನೇ ಒಂದು ಸುತ್ತು ಓಡಿಸಿ, ಅದೇ ಎಬ್ಬಿಸಿದ ಅಲೆಯ ಮೇಲಿಂದ ಏರಿಸುತ್ತೇನೆ. ದೊಡ್ಡ ಸೀಪ್ಲೇನಿನವರೂ ಹೀಗೆ ಮಾಡುವುದುಂಟು. ಹೆನ್ರಿ ಫಾಬ್ರ್ 1910ರ ಮಾರ್ಚ್ 28ರಂದು ಮೊದಲ ಬಾರಿ ಮೋಟರು ವಿಮಾನವನ್ನು ನೀರಿನಿಂದ ಎಬ್ಬಿಸಿದ್ದೂ ದಕ್ಷಿಣ ಫ್ರಾನ್ಸಿನ ಒಂದು ಉಪ್ಪು ಹಿನ್ನೀರಿನಲ್ಲೇ. ಅದಕ್ಕೆ ಮೊದಲು ಆತ ವಿಮಾನ ಹಾರಿಸಿದವನೇ ಅಲ್ಲ! ನನಗೆ ಒಂದು ತಿಂಗಳು ಹಿಡಿಯಿತು, ಅದೂ ದಡದಲ್ಲಿ ನಿಂತು.

ಹುಲ್ಲಿನ ಮೇಲೂ ಹಾರಿಸುತ್ತೇನೆ, ಚಕ್ರವಿಲ್ಲದೆ. ಇಬ್ಬನಿ ಬಿದ್ದ ಮೈದಾನದಲ್ಲಿ ಹೊಟ್ಟೆ ಸಲೀಸಾಗಿ ಜಾರುತ್ತದೆ. ಒಣ ಹುಲ್ಲು ಹಿಡಿದು ನಿಲ್ಲಿಸುತ್ತದೆ. ಕೊಯ್ಲಾದ ಗದ್ದೆಗೆ ಹೋಗಬೇಡಿ, ಕೂಳೆ ಫೋಮನ್ನು ಗೀರಿ ಹಾಕುತ್ತದೆ. ಹೊಟ್ಟೆಗೆ ಎರಡು ಪದರ ಪ್ಯಾಕಿಂಗ್ ಟೇಪು ಅಂಟಿಸಿಕೊಳ್ಳಿ. ರೆಕ್ಕೆಯ ತುದಿಯ ತೇಲುಬುಂಡೆ ಹುಲ್ಲಿನ ಗಂಟಿಗೆ ಸಿಕ್ಕಿದರೆ ವಿಮಾನ ಗಿರ್ರನೆ ತಿರುಗುತ್ತದೆ. ಹಾಗಾಗಿ ರೆಕ್ಕೆ ಸಮವಾಗಿ ಇಟ್ಟು ಇಳಿಸುವುದನ್ನು ಹುಲ್ಲೇ ಕಲಿಸುತ್ತದೆ. ಸ್ಟೆಪ್ಪಿನ ಪಾಠ ಅಲ್ಲಿ ಸಿಗುವುದಿಲ್ಲ. ಮಂಗಳೂರು ಕಡೆಯವರು ಬಜಪೆ ವಿಮಾನ ನಿಲ್ದಾಣ ಹತ್ತಿರವಿದೆ ಅಂತ ನೆನಪಿಟ್ಟುಕೊಂಡು ಡ್ರೋನ್ ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡಿಯೇ ಜಾಗ ಹುಡುಕಬೇಕು.

ನಿಜವಾಗಿ ಕಥೆ ಮುಗಿಸುವುದು ಉಪ್ಪು. ಬೇಸಿಗೆಯಲ್ಲಿ ಭರತದ ಜೊತೆ ಕಡಲ ನೀರು ಹೊಳೆಯೊಳಗೆ ನುಗ್ಗುತ್ತದೆ. ಒಮ್ಮೆ ತೊಳೆಯದೆ ಅಟ್ಟಕ್ಕೆ ಹಾಕಿದ್ದೆ. ನಾಲ್ಕು ದಿನ ಬಿಟ್ಟು ನೋಡಿದರೆ ಮೋಟರಿನ ವೇಗ ನಿಯಂತ್ರಿಸುವ ಬೋರ್ಡಿನ ಮೇಲೆ ಹಸಿರು ಕಿಲುಬು. ಈಗ ಮನೆಗೆ ಬಂದ ಕೂಡಲೇ ಬ್ಯಾಟರಿ ತೆಗೆದು ಬಾವಿ ನೀರಿನಲ್ಲಿ ತೊಳೆದು ಒಣಗಿಸುತ್ತೇನೆ. ರಿಮೋಟಿನ ಮಾತು ಕೇಳುವ ರಿಸೀವರನ್ನು ಮಕ್ಕಳ ಬಲೂನಿನೊಳಗೆ ತುರುಕಿ ಬಾಯಿ ಕಟ್ಟಿಬಿಡುತ್ತೇನೆ. ನಗಬೇಡಿ, ಕೆಲಸ ಮಾಡುತ್ತದೆ.

ಆ ಬೋರ್ಡು ಕೈಕೊಟ್ಟದ್ದು ಇಳಿತದ ಹೊತ್ತಿನಲ್ಲಿ. ಸತ್ತ ಮೋಟರಿನ ವಿಮಾನ ಬಾತುಕೋಳಿಯ ಹಾಗೆ ಅಳಿವೆಯ ಕಡೆ ಹೊರಟಿತು. ಅಜ್ಜ ದೋಣಿ ಹಾಕಿ ಹಿಡಿದು ತಂದರು. "ಇಳಿತ ನೋಡದೆ ನಾವು ಬಲೆಯೂ ಬಿಡುವುದಿಲ್ಲ ಮಾರಾಯ" ಅಂದರು. ಈಗ ಬ್ಯಾಟರಿ ಚಾರ್ಜಿಗೆ ಹಾಕುವ ಮೊದಲು ಭರತದ ಹೊತ್ತು ನೋಡುತ್ತೇನೆ.